ನಿವೃತ್ತಿಯ ಲೆಕ್ಕದಲ್ಲಿ ಒಂದು ಬೇರೆಯ ಖಾತೆ

ನಿವೃತ್ತಿಯನ್ನು ಸಮೀಪಿಸುತ್ತಿರುವ ಮಿತ್ರರು ಹಣದ ವಿಚಾರವಾಗಿ ನನ್ನ ಸಲಹೆ ಕೇಳಲು ಬಂದಾಗ, ಅವರು ಬರೆದು ತಂದ ಕಾಗದದಲ್ಲಿ ದಿನಸಿ, ಔಷಧ, ವಿದ್ಯುತ್ತು, ಆಸ್ತಿ ತೆರಿಗೆ, ಮಗಳ ಮನೆಗೆ ಹೋಗಿಬರುವ ಪ್ರಯಾಣ, ಇವೆಲ್ಲದರ ವೆಚ್ಚವೂ ಕ್ರಮವಾಗಿ ನಮೂದಾಗಿರುತ್ತದೆ. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗಿನ ಕಾಲವನ್ನು ಅವರು ಯಾವ ಕಾರ್ಯಕ್ಕೆ ವಿನಿಯೋಗಿಸುವರೆಂಬುದರ ಬಗ್ಗೆ ಮಾತ್ರ ಆ ಕಾಗದದಲ್ಲಿ ಒಂದು ಅಕ್ಷರವೂ ಇರುವುದಿಲ್ಲ. ಕೇಳಿದರೆ, “ಅದಕ್ಕೇನು, ಹೇಗೋ ಕಾಲ ಕಳೆಯುತ್ತದೆ” ಎಂಬ ಉತ್ತರ ಬರುತ್ತದೆ. ಅರುವತ್ತನೆಯ ವಯಸ್ಸಿನಲ್ಲಿ ಆರೋಗ್ಯವಂತನಾಗಿರುವ ಮನುಷ್ಯನಿಗೆ ಇನ್ನೂ ಇಪ್ಪತ್ತು ವರ್ಷಗಳ ಆಯುಸ್ಸು ಉಳಿದಿರುವುದು ಈಗ ಸಾಮಾನ್ಯವಾದ ಸಂಗತಿ. ಅಷ್ಟು ದೀರ್ಘವಾದ ಕಾಲವನ್ನು ‘ಹೇಗೋ’ ಎಂಬ ಮಾತಿಗೆ ಒಪ್ಪಿಸಿಬಿಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವೆನು. ಉದ್ಯೋಗದಲ್ಲಿರುವಷ್ಟು ಕಾಲ ನಾವು ಮಾಡುವ ಕೆಲಸ ನಮಗೆ ಹಣವನ್ನು ತರುತ್ತದೆ. ನಿವೃತ್ತಿಯ ತರುವಾಯ ಮನಃಪೂರ್ವಕವಾಗಿ ನಾವು ಆರಿಸಿಕೊಳ್ಳುವ ಕೆಲಸವಾದರೋ ಬಹುಮಟ್ಟಿಗೆ ಹಣವನ್ನು ಬೇಡುತ್ತದೆ. ಸಂಗೀತ ಕಲಿಯುವವನಿಗೆ ಗುರುದಕ್ಷಿಣೆ ಬೇಕು, ಶಾಸನಗಳನ್ನು ಓದುವವನಿಗೆ ಪುಸ್ತಕ ಬೇಕು, ಪ್ರಯಾಣ ಬೇಕು. ಪರರ ಸೇವೆಗೆ ಹೊರಟವನಿಗೂ ಬಸ್ಸಿನ ಚೀಟಿ, ಅಂಚೆಯ ವೆಚ್ಚ, ನಕಲು ಪ್ರತಿಗಳ ವೆಚ್ಚ ತಪ್ಪಿದ್ದಲ್ಲ. ಈ ವೆಚ್ಚವನ್ನು ಮನೆಯ ಖರ್ಚಿನ ನಡುವೆ ಸೇರಿಸಿಟ್ಟರೆ, ಬೆಲೆಗಳು ಏರಿದ ಮೊದಲ ವರ್ಷದಲ್ಲಿಯೇ ಎಲ್ಲಕ್ಕಿಂತ ಮುಂಚೆ ಕೈಬಿಟ್ಟುಹೋಗುವುದು ಅದೇ ಆಗುತ್ತದೆ. ಆದುದರಿಂದ, ನಿವೃತ್ತಿಯ ದಿನ ಕೈಗೆ ಬರುವ ಮೊತ್ತದಿಂದ ಒಂದು ಭಾಗವನ್ನು, ಎಷ್ಟೇ ಸಣ್ಣದಾಗಿರಲಿ, ಪ್ರತ್ಯೇಕವಾಗಿ ತೆಗೆದಿರಿಸಿ, ಅದರ ಬಡ್ಡಿಯನ್ನು ಆ ಕೆಲಸಕ್ಕೆಂದೇ ಮೀಸಲಿಡತಕ್ಕದ್ದು. ನನ್ನ ಮನೆಯ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ‘ಕಾರ್ಯನಿಧಿ’ ಎಂದು ಹೆಸರಿಟ್ಟಿದ್ದೇನೆ.

ಹಣವನ್ನು ತೆಗೆದಿರಿಸಿದ ಮಾತ್ರಕ್ಕೆ ಕಾರ್ಯವು ತಾನಾಗಿ ಹುಟ್ಟುವುದಿಲ್ಲವೆಂಬುದೂ ಸತ್ಯ. ಈ ವಿಷಯದಲ್ಲಿ ನಾನು ನೆಲಸಿರುವ ಚೆನ್ನೈ ನಗರವೇ ನಮಗೆ ಒಬ್ಬ ಮಹನೀಯರ ನಿದರ್ಶನವನ್ನು ಒದಗಿಸಿದೆ. 1954ರಲ್ಲಿ ಐ.ಎ.ಎಸ್. ಸೇವೆಗೆ ಸೇರಿದ ಐರಾವತಂ ಮಹಾದೇವನ್, 1980ರಲ್ಲಿ, ಇನ್ನೂ ಐವತ್ತರ ಆಸುಪಾಸಿನಲ್ಲಿರುವಾಗಲೇ ಸ್ವಇಚ್ಛೆಯಿಂದ ನಿವೃತ್ತರಾಗಿ ಲಿಪಿಶಾಸ್ತ್ರಕ್ಕೆ ತಮ್ಮನ್ನು ಅರ್ಪಿಸಿಕೊಂಡರು. 1987ರಿಂದ 1991ರವರೆಗೆ ‘ದಿನಮಣಿ’ ಪತ್ರಿಕೆಯ ಸಂಪಾದಕರಾಗಿದ್ದರು. ತಮಿಳಿನ ಪ್ರಾಚೀನತಮ ಬ್ರಾಹ್ಮೀ ಶಾಸನಗಳನ್ನು ಕುರಿತ ಅವರ ಮಹಾಗ್ರಂಥ 2003ರಲ್ಲಿ ಪ್ರಕಟವಾದಾಗ ಅವರ ವಯಸ್ಸು ಎಪ್ಪತ್ತನ್ನು ದಾಟಿತ್ತು. ಆ ಗುಹಾಶಾಸನಗಳ ಭಾಷೆಯಲ್ಲಿ ಕನ್ನಡದ ಛಾಯೆಯನ್ನೂ ಕರ್ಣಾಟಕದ ಜೈನರ ಸಂಪರ್ಕವನ್ನೂ ಅವರು ಗುರುತಿಸಿದ್ದರೆಂಬುದು ನಮ್ಮವರಿಗೆ ವಿಶೇಷವಾಗಿ ಆಪ್ಯಾಯಮಾನವಾದ ವಿಷಯ. ತರಮಣಿಯ ರೋಜಾ ಮುತ್ತಯ್ಯ ಗ್ರಂಥಾಲಯದಲ್ಲಿ 2007ರಲ್ಲಿ ಸಿಂಧೂ ಸಂಶೋಧನ ಕೇಂದ್ರವು ಆರಂಭವಾದುದಕ್ಕೂ ಅವರೇ ಕಾರಣರು. ಇಷ್ಟೆಲ್ಲ ನಿವೃತ್ತಿಯ ಅನಂತರ ಕೈಗೂಡಿತು. ಆದರೆ ಅವರು ಗುಹೆಗಳನ್ನು ಹತ್ತಿಳಿದು ಶಾಸನಗಳನ್ನು ಓದತೊಡಗಿದುದು 1960ರ ದಶಕದಲ್ಲಿ, ಸರಕಾರಿ ಸೇವೆಯ ಭಾರದ ನಡುವೆಯೇ. ಕಚೇರಿಯನ್ನು ಬಿಟ್ಟ ದಿನ ಅವರು ಬರಿಗೈಯಲ್ಲಿ ಹೊರಬರಲಿಲ್ಲ. ಹಲವು ವರ್ಷಗಳಿಂದ ಅರ್ಧದಲ್ಲಿ ನಿಂತಿದ್ದ ಒಂದು ಕೆಲಸ ಅವರಿಗಾಗಿ ಕಾದಿತ್ತು.

ಮಾಸ್ತಿಯವರ ಬಾಳಿನಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಮೈಸೂರು ಸಂಸ್ಥಾನದ ಸೇವೆಯಿಂದ 1943ರಲ್ಲಿ ತಾವಾಗಿಯೇ ನಿವೃತ್ತರಾದ ಅವರು, ಅಷ್ಟರಲ್ಲಾಗಲೇ ಕನ್ನಡದ ಸಣ್ಣಕಥೆಯ ಆಚಾರ್ಯರೆನಿಸಿದ್ದರು. ಮುಂದೆ ಅವರಿಗೆ ಜ್ಞಾನಪೀಠವನ್ನು ತಂದುಕೊಟ್ಟ ‘ಚಿಕವೀರ ರಾಜೇಂದ್ರ’ ಪ್ರಕಟವಾದುದು 1956ರಲ್ಲಿ, ಪ್ರಶಸ್ತಿ ಬಂದುದು 1983ರಲ್ಲಿ. ಇನ್ನು ಜಿ. ವೆಂಕಟಸುಬ್ಬಯ್ಯನವರು ಅಧ್ಯಾಪನ ವೃತ್ತಿಯಿಂದ ನಿವೃತ್ತರಾಗಿ, 1991ರಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಪ್ರಾರಂಭಿಸಿದಾಗ ಅವರಿಗೆ ಎಪ್ಪತ್ತೇಳು ಸಂದಿತ್ತು.

ಇಂತಹ ಹೆಸರುಗಳನ್ನು ಕೇಳಿ ಸಾಮಾನ್ಯನು ಕುಗ್ಗಬೇಕಾದುದಿಲ್ಲ. ನನ್ನದು ತೀರ ಸಾಧಾರಣವಾದ ವೃತ್ತಿಜೀವನ. ಕುಂದಾಪುರದ ಕಡೆಯಿಂದ ಬಂದು, ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಸೇವೆಯ ಬಹುಭಾಗವನ್ನು ಮೈಲಾಪುರ, ಪುರಸವಾಕ್ಕಂ, ತ್ಯಾಗರಾಯನಗರ ಮುಂತಾದ ಬಡಾವಣೆಗಳ ಶಾಖೆಗಳಲ್ಲಿ ಕಳೆದು, ಅಧಿಕಾರಿಯಾಗಿ ನಿವೃತ್ತನಾದವನು. ನನಗೆ ತಿಳಿದಿದ್ದ ವಿದ್ಯೆಯೆಂದರೆ ಅರ್ಜಿಗಳನ್ನು ದೋಷವಿಲ್ಲದೆ ತುಂಬುವುದು, ಪಾಸ್‌ಬುಕ್ಕನ್ನು ಓದುವುದು, ಕಾಗದಪತ್ರಗಳಲ್ಲಿ ಯಾವುದು ಯಾವುದಕ್ಕೆ ತಾಳೆಯಾಗುವುದಿಲ್ಲವೆಂದು ಕಂಡುಹಿಡಿಯುವುದು, ಇಷ್ಟೇ. ಈ ವಿದ್ಯೆ ಯಾರಿಗೆ ಬೇಕಾಗಿತ್ತೆಂಬುದು ನನಗೆ ಶಾಖೆಯಲ್ಲಿದ್ದಾಗಲೇ ಗೊತ್ತಾಗಿತ್ತು: ನಮ್ಮ ಕಡೆಯಿಂದ ಬಂದ ಹೋಟೆಲು ಕೆಲಸಗಾರರಿಗೆ.

ಮದರಾಸಿಗೂ ನಮ್ಮ ಕರಾವಳಿಗೂ ಇರುವ ನಂಟನ್ನು ಬೆಸೆದವರು ಉಡುಪಿ ಹೋಟೆಲುಗಳವರು. ಕಡಂದಲೆ ಕೃಷ್ಣರಾಯರು ಬಾಲ್ಯದ ಬಡತನದಿಂದ ಮೇಲೆದ್ದು ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನು ಈ ನಗರದಲ್ಲಿ ಪ್ರತಿಷ್ಠಾಪಿಸಿದ ಕಥೆ ಪ್ರಸಿದ್ಧವಾದುದೇ. 1962ರಲ್ಲಿ ಕತೀಡ್ರಲ್ ರಸ್ತೆಯಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚಿ, 2010ರಲ್ಲಿ ಆ ಸ್ಥಳದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವು ತಲೆಯೆತ್ತಿತು. ಹೋಟೆಲುಗಳ ಒಡೆಯರ ಚರಿತ್ರೆಯನ್ನು ಬರೆದವರಿದ್ದಾರೆ. ಊರೂರಿನ ಉಡುಪಿ ಹೋಟೆಲುಗಳಿಗೆ ಹತ್ತು ಹನ್ನೆರಡರ ಹರೆಯದಲ್ಲಿ ಮಾಣಿಗಳಾಗಿ ಬಂದು, ಕ್ಲೀನರ್ ಆಗಿ, ಸಪ್ಲೈಯರ್ ಆಗಿ, ದೋಸೆಯ ಕಾವಲಿಯೆದುರು ನಿಂತು ಮುದುಕರಾದ ಬೈಂದೂರು, ಕುಂದಾಪುರ, ಕಾರ್ಕಳಗಳ ಸಾವಿರಾರು ಜನರ ವೃದ್ಧಾಪ್ಯದ ಲೆಕ್ಕವನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಅವರಲ್ಲಿ ಅನೇಕರಿಗೆ ತಮ್ಮ ಹೆಸರಿನಲ್ಲಿ ಪಿ.ಎಫ್. ಕಟ್ಟಲಾಗಿತ್ತೆಂಬುದೂ, ಅದರೊಳಗಿನ ಒಂದು ಪಾಲು ಪಿಂಚಣಿಯಾಗಿ ಬರತಕ್ಕದ್ದೆಂಬುದೂ ತಿಳಿಯದು. 1995ರ ನವೆಂಬರಿನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ ಪ್ರಕಾರ, ಹತ್ತು ವರ್ಷಗಳ ಸೇವೆ ಪೂರೈಸಿದವನಿಗೆ 58ನೆಯ ವಯಸ್ಸಿನಿಂದ ಪಿಂಚಣಿ ಸಲ್ಲುತ್ತದೆ. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಮೊತ್ತವು ದೊರೆಯುತ್ತದೆ. ಸಂಬಳ 10,000 ರೂಪಾಯಿ, ಸೇವೆ 14 ವರ್ಷವೆಂದಾದರೆ ತಿಂಗಳಿಗೆ 2,000 ರೂಪಾಯಿ. 2014ರಿಂದ ಕನಿಷ್ಠ ಮೊತ್ತವನ್ನು 1,000 ರೂಪಾಯಿಗೆ ನಿಗದಿಪಡಿಸಲಾಗಿದೆ. ಇದು ಅತ್ಯಲ್ಪವೆಂಬುದರಲ್ಲಿ ಸಂದೇಹವಿಲ್ಲ. ಈ ಕನಿಷ್ಠವನ್ನು ಏರಿಸಲೇಬೇಕೆಂದು ನಾನು ದೃಢವಾಗಿ ನಂಬಿದವನು. ಆದರೂ ಏನೂ ಇಲ್ಲದವನಿಗೆ ಅದು ರಕ್ತದೊತ್ತಡದ ಮಾತ್ರೆ, ಅದು ತಿಂಗಳ ಹಾಲು. ಪಿಂಚಣಿದಾರನು ಗತಿಸಿದರೆ ಪತ್ನಿಗೆ ಅರ್ಧಾಂಶ, ಅದೂ ಸಾವಿರಕ್ಕೆ ಕಡಮೆಯಾಗದಂತೆ, ಸಲ್ಲತಕ್ಕದ್ದು. ಊರಿನಲ್ಲಿರುವ ಎಷ್ಟೋ ಹೆಂಗಸರು ಇದನ್ನರಿಯದೆ ಸುಮ್ಮನಿದ್ದಾರೆ.

ಈ ಪಿಂಚಣಿಯನ್ನು ಪಡೆಯುವಲ್ಲಿ ಬರುವ ಅಡ್ಡಿಗಳು ಬಹುಪಾಲು ಹೆಸರಿನವು. ತಮಿಳುನಾಡಿನ ರೂಢಿಯಂತೆ ಹೋಟೆಲಿನ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರವೊಂದನ್ನು ಸೇರಿಸಿ ಬರೆದಿರುತ್ತಾರೆ. ಊರಿನಲ್ಲಿ ಮಾಡಿಸಿದ ಆಧಾರ್ ಚೀಟಿಯಲ್ಲಿ ಶೆಟ್ಟಿ, ಪೂಜಾರಿ, ದೇವಾಡಿಗ ಎಂಬ ಕುಲನಾಮ ಇರುತ್ತದೆ. ಜನ್ಮದಿನಾಂಕವಂತೂ ಎರಡು ಕಡೆ ಎರಡು ಬಗೆ. ಇದನ್ನು ಸರಿಪಡಿಸಲು ನೌಕರನೂ ಮಾಲಿಕನೂ ಕೂಡಿ ಸಹಿ ಹಾಕಿದ ಜಂಟಿ ಘೋಷಣೆ ಬೇಕು. ಹೋಟೆಲೇ ಮುಚ್ಚಿಹೋಗಿದ್ದರೆ ಬೇರೆ ದಾರಿಯಿಂದ ದೃಢೀಕರಣ ಮಾಡಿಸಬೇಕು. ಎರಡು ಮೂರು ಹೋಟೆಲುಗಳಲ್ಲಿ ದುಡಿದವನ ಬೇರೆ ಬೇರೆ ಖಾತೆಗಳನ್ನು ಒಂದುಗೂಡಿಸಿದರೆ ಮಾತ್ರ ಹತ್ತು ವರ್ಷ ತುಂಬುವ ಪ್ರಸಂಗಗಳೂ ಉಂಟು.

ನಿವೃತ್ತನಾದ ಮೇಲೆ ನಾನು ಕೈಗೊಂಡ ಕೆಲಸ ಇದೇ. ಪಶ್ಚಿಮ ಮಾಂಬಲದಲ್ಲಿ ಪರಿಚಿತರೊಬ್ಬರು ಬಿಟ್ಟುಕೊಟ್ಟ ಮುಂದಿನ ಕೋಣೆಯಲ್ಲಿ ಶನಿವಾರದ ಬೆಳಗಿನ ಹೊತ್ತು ಕುಳಿತು, ಬಂದವರ ಕಾಗದಗಳನ್ನು ನೋಡುತ್ತೇನೆ. “ನಮ್ಗೂ ಸಿಕ್ಕತ್ತಾ ಮಾರಾಯ್ರೆ?” ಎಂದು ನಂಬಲಾರದೆ ಕೇಳುವವರೇ ಹೆಚ್ಚು. ಹೋಟೆಲೊಂದರಲ್ಲಿ ಆಯುಷ್ಯವೆಲ್ಲ ಇಡ್ಲಿಯ ಹಬೆಯೆದುರು ಕಳೆದ ಅಡುಗೆ ಭಟ್ಟರೊಬ್ಬರು ಬಂದಿದ್ದರು. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣಪತ್ರಕ್ಕಾಗಿ ಬೆರಳನ್ನು ಯಂತ್ರದ ಮೇಲಿಟ್ಟರೆ ಗುರುತೇ ಹತ್ತದು, ಬೆಂಕಿಯೂ ಕಾವಲಿಯೂ ಅವರ ಬೆರಳ ರೇಖೆಗಳನ್ನು ಅಳಿಸಿಬಿಟ್ಟಿದ್ದವು. 2021ರಿಂದ ಮುಖವನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಮೊಬೈಲಿನಲ್ಲಿ ಲಭ್ಯವಾಗಿರುವುದು ಇಂಥವರ ಪಾಲಿಗೆ ದೊಡ್ಡ ಉಪಕಾರ. ನೌಕರರ ಪಿಂಚಣಿದಾರರು ಇದನ್ನು ನವೆಂಬರಿನಲ್ಲಿಯೇ ಕೊಡಬೇಕೆಂಬ ನಿರ್ಬಂಧವಿಲ್ಲ. ವರ್ಷದ ಯಾವ ತಿಂಗಳಲ್ಲಿ ಕೊಟ್ಟರೂ ಅಲ್ಲಿಂದ ಹನ್ನೆರಡು ತಿಂಗಳು ಊರ್ಜಿತವಾಗಿರುತ್ತದೆ.

ಈ ಕೆಲಸದ ಹಣದ ವ್ಯವಸ್ಥೆಯನ್ನು ಹೇಳುವೆನು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬನು ಇಡಬಹುದಾದ ಮೊತ್ತವನ್ನು 2023ರ ಏಪ್ರಿಲಿನಿಂದ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ್ದಾರೆ. ಆಗ ನಿಗದಿಯಾದ ಬಡ್ಡಿ ಶೇಕಡ 8.2. ಠೇವಣಿ ಇಟ್ಟ ದಿನದ ದರವು ಐದು ವರ್ಷಗಳ ಕಾಲ ಬದಲಾಗುವುದಿಲ್ಲ, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಸೇರುತ್ತದೆ. ಇದರಲ್ಲಿ ಕಾರ್ಯನಿಧಿಗೆಂದು ನಾನು ಪ್ರತ್ಯೇಕ ಖಾತೆಯಲ್ಲಿ ಇಟ್ಟಿರುವುದು ಐದು ಲಕ್ಷ. ಅದರ ಬಡ್ಡಿ ವರ್ಷಕ್ಕೆ 41,000 ರೂಪಾಯಿ, ಅಂದರೆ ಪ್ರತಿ ತ್ರೈಮಾಸಿಕಕ್ಕೆ 10,250 ರೂಪಾಯಿ. ನಕಲುಗಳು, ನೋಟರಿಯ ಶುಲ್ಕ, ಅಂಚೆ, ನಡೆಯಲಾರದವರನ್ನು ರಾಯಪೇಟೆಯ ಭವಿಷ್ಯನಿಧಿ ಕಚೇರಿಗೆ ಕರೆದೊಯ್ಯುವ ಆಟೋ, ಎಲ್ಲವೂ ಇದರೊಳಗೆ ನಡೆಯುತ್ತವೆ. ಬಂದವರಿಂದ ಒಂದು ಕಾಸನ್ನೂ ಪಡೆಯುವುದಿಲ್ಲ. ಸಂಭಾವನೆ ಸ್ವೀಕರಿಸಿದ ಕ್ಷಣದಿಂದ ಸುಲಭವಾದ ಅರ್ಜಿಗಳತ್ತ ಮನಸ್ಸು ವಾಲುವುದೆಂಬ ಭಯ ನನಗಿದೆ. ಈ ಕೆಲಸದಲ್ಲಿ ಕಷ್ಟವಾದ ಅರ್ಜಿಗಳೇ ಮುಖ್ಯ.

ಈ ಕ್ರಮದಲ್ಲಿ ಒಂದು ಪೂರ್ವಾಪರವುಂಟು, ಅದನ್ನು ಮೀರಕೂಡದು. ಆರೋಗ್ಯ ವಿಮೆ, ಒಂದು ವರ್ಷದ ಮನೆಖರ್ಚು ಕೈಗೆಟಕುವಂತೆ ಬ್ಯಾಂಕಿನಲ್ಲಿ, ಎಲ್ಲ ಖಾತೆಗಳಿಗೂ ನಾಮನಿರ್ದೇಶನ, ಒಂದು ಉಯಿಲು, ಇವು ಮೊದಲು, ಕಾರ್ಯನಿಧಿ ಅನಂತರ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರುತ್ತ ಹೋದರೆ ಹನ್ನೆರಡು ವರ್ಷಗಳಲ್ಲಿ ಎಲ್ಲವೂ ಇಮ್ಮಡಿಯಾಗುವುದನ್ನು ಬಡ್ಡಿಯನ್ನೇ ನೆಚ್ಚಿದವರು ಮರೆಯಲಾಗದು. ಆದಕಾರಣ ಉಳಿತಾಯದ ಒಂದು ಪಾಲಾದರೂ ಬೆಳೆಯುವ ಕಡೆಯಲ್ಲಿರಬೇಕು. ಗ್ರಾಚ್ಯುಯಿಟಿಯ ಹಣದಲ್ಲಿ ಹೋಟೆಲು ತೆರೆಯುವೆನೆಂದೋ, ಮಗನ ಉದ್ಯಮಕ್ಕೆ ಇಡೀ ಮೊತ್ತವನ್ನು ಸುರಿಯುವೆನೆಂದೋ ಹೊರಡುವವರನ್ನು ನಾನು ಕೈಹಿಡಿದು ತಡೆಯುತ್ತೇನೆ. ಐದು ಲಕ್ಷ ತೆಗೆದಿರಿಸಲಾಗದವರು ಐವತ್ತು ಸಾವಿರವನ್ನಿಡಲಿ. ಸಣ್ಣ ನಿಧಿಯಲ್ಲಿಯೂ ಕೆಲಸ ಸಾಗುತ್ತದೆ: ಚೆನ್ನೈಯ ನಗರ ಬಸ್ಸುಗಳಲ್ಲಿ ಅರುವತ್ತು ದಾಟಿದವರಿಗೆ ತಿಂಗಳಿಗೆ ಹತ್ತು ಉಚಿತ ಟೋಕನುಗಳನ್ನು ಕೊಡುತ್ತಾರೆ; ಮಾರ್ಗಳಿ ಮಾಸದಲ್ಲಿ ಸಂಗೀತ ಸಭೆಗಳ ಮಧ್ಯಾಹ್ನದ ಕಚೇರಿಗಳಿಗೆ ಬಹುತೇಕ ಪ್ರವೇಶಶುಲ್ಕವಿಲ್ಲ. ಪಿಂಚಣಿ ಸಾಲದೆ ದುಡಿಯಲೇಬೇಕಾದವರು ದುಡಿಯಲಿ, ಅದರಲ್ಲಿ ಕುಂದೇನೂ ಇಲ್ಲ.

ಇನ್ನೊಂದು ಮಾತು ನನಗೆ ಬಹಳ ಮುಖ್ಯವಾದುದು. ಗಂಡಸು ನಿವೃತ್ತನಾದಾಗ ಅವನ ಬಿಡುವಿನ ಹೊತ್ತೆಲ್ಲ ಹೆಂಡತಿಯ ದಿನಚರಿಯ ಮೇಲೆ ಬಂದು ಬೀಳುತ್ತದೆ. ಹತ್ತು ಗಂಟೆಗೆ ಇನ್ನೊಮ್ಮೆ ಕಾಫಿ, ಮಧ್ಯಾಹ್ನ ಬಿಸಿ ಅಡುಗೆ, ಸಂಜೆ ಬಂದವರಿಗೆ ಉಪಚಾರ. ಅವಳಿಗಾದರೋ ಅಡುಗೆಮನೆಯಿಂದ ನಿವೃತ್ತಿಯೆಂಬುದಿಲ್ಲ. ಆದುದರಿಂದ ನಮ್ಮ ಮನೆಯಲ್ಲಿ ಕಾರ್ಯನಿಧಿಗಳು ಎರಡು. ಎರಡನೆಯದು ನನ್ನ ಪತ್ನಿಯ ಸ್ವಂತ ಹೆಸರಿನಲ್ಲಿ, ಅವಳೇ ಸಹಿ ಹಾಕುವ ಖಾತೆಯಲ್ಲಿದೆ. ಆ ಬಡ್ಡಿಯಿಂದ ಅವಳು ವೀಣೆಯನ್ನು ದುರಸ್ತಿ ಮಾಡಿಸಿ, ವಿವಾಹದ ಕಾಲದಲ್ಲಿ ನಿಂತುಹೋಗಿದ್ದ ಪಾಠವನ್ನು ಮೈಲಾಪುರದ ಗುರುಗಳೊಬ್ಬರಲ್ಲಿ ಮುಂದುವರಿಸಿದ್ದಾಳೆ. ನೆರೆಯ ಕನ್ನಡ ಮನೆಗಳ ಮಕ್ಕಳಿಗೆ ಪುರಂದರದಾಸರ ದೇವರನಾಮಗಳನ್ನು ಹೇಳಿಕೊಡುತ್ತಾಳೆ. ಅವಳು ಪಾಠಕ್ಕೆ ಹೋಗುವ ದಿನಗಳಲ್ಲಿ ಅಡುಗೆ ನನ್ನದು. ಈ ಏರ್ಪಾಡನ್ನು ಮಾಡಿಕೊಳ್ಳದ ಮನೆಯಲ್ಲಿ ಪುರುಷನ ಸುಖನಿವೃತ್ತಿಯ ಬೆಲೆಯನ್ನು ಹೆಂಗಸು ತೆರುತ್ತಾಳೆಂಬುದನ್ನು ನಾನು ಸಂಕೋಚವಿಲ್ಲದೆ ಹೇಳುವೆನು.

ಶನಿವಾರದ ಕೋಣೆಯಲ್ಲಿ ಈಗ ನಾನು ಒಬ್ಬಂಟಿಯಲ್ಲ. ಮೊದಲು ತಮ್ಮ ಪಿಂಚಣಿಗಾಗಿ ಬಂದಿದ್ದ ಸಪ್ಲೈಯರೊಬ್ಬರು, ಅದು ಮಂಜೂರಾದ ಮೇಲೆಯೂ ಬರುವುದನ್ನು ಬಿಡಲಿಲ್ಲ. ಯಾವ ಹೋಟೆಲಿನಲ್ಲಿ ಯಾವ ಕಾಲದಲ್ಲಿ ಯಾರು ಗಲ್ಲಾದಲ್ಲಿದ್ದರು, ಅವರ ಮಕ್ಕಳು ಈಗೆಲ್ಲಿದ್ದಾರೆ, ಸಹಿ ಹಾಕಬಲ್ಲ ಮಾಲಿಕರ ಮನೆ ಯಾವುದು, ಇದೆಲ್ಲ ಅವರಿಗೆ ಕಂಠಸ್ಥ. ನನ್ನ ಬ್ಯಾಂಕಿನ ವಿದ್ಯೆಗಿಂತ ಅವರ ಈ ಜ್ಞಾನವೇ ಹಲವು ಅರ್ಜಿಗಳನ್ನು ದಡ ಮುಟ್ಟಿಸಿದೆ. ಮೊಬೈಲಿನಲ್ಲಿ ಮುಖದ ಪ್ರಮಾಣಪತ್ರ ತೆಗೆಯುವುದನ್ನೂ ಅವರು ಕಲಿತುಕೊಂಡರು. ಬೈಂದೂರಿನ ಬಳಿಯ ಹಳ್ಳಿಯೊಂದರಲ್ಲಿ, ಅವರೊಡನೆ ದುಡಿದು ತೀರಿಹೋದ ಒಬ್ಬರ ಪತ್ನಿ ಇದ್ದಾರೆ. ವಿಧವಾ ಪಿಂಚಣಿಗೆ ಆಕೆಯ ಸಹಿಯೂ ಮರಣಪತ್ರದ ಪ್ರತಿಯೂ ಬೇಕಾಗಿವೆ. ಅವನ್ನು ತರಲು ಈ ತ್ರೈಮಾಸಿಕದ ಬಡ್ಡಿಯಲ್ಲಿ ಈ ಸಪ್ಲೈಯರಿಗೆ ರೈಲಿನ ಚೀಟಿ ತೆಗೆಸಿದ್ದೇನೆ. ಮುಂದಿನ ವಾರ ಹೊರಡುವರು.