ಒಂದೇ ಸ್ವಿಚ್ಚಿನಿಂದ ಸರಣಿ ಹಾಗೂ ಸಮಾಂತರ ಜೋಡಣೆ

ವಿದ್ಯುತ್ ಮಂಡಲಗಳ ಪಾಠದಲ್ಲಿ ಸರಣಿ ಜೋಡಣೆಯನ್ನು ಒಂದು ದಿನ, ಸಮಾಂತರ ಜೋಡಣೆಯನ್ನು ಮತ್ತೊಂದು ದಿನ ಬೋಧಿಸುವುದು ರೂಢಿ. ನಡುವೆ ತಂತಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟುವುದರಿಂದ ಇವೆರಡೂ ಬೇರೆ ಬೇರೆ ಉಪಕರಣಗಳೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಳಿದುಬಿಡುತ್ತದೆ. ವಾಸ್ತವದಲ್ಲಿ ಬಲ್ಬುಗಳೂ ಕೋಶಗಳೂ ಅವೇ; ಬದಲಾಗುವುದು ಎರಡು ತಂತಿತುದಿಗಳ ಸ್ಥಾನ ಮಾತ್ರ. ಇದನ್ನು ಕಣ್ಣಿಗೆ ಕಾಣಿಸುವುದೇ ಈ ಚಟುವಟಿಕೆಯ ಉದ್ದೇಶ.

ಸಾಮಗ್ರಿಗಳು

1.5 ವೋಲ್ಟಿನ ಎರಡು ಶುಷ್ಕಕೋಶಗಳು, 3 ವೋಲ್ಟಿಗೆ ತಕ್ಕ ಒಂದೇ ಬಗೆಯ ಎರಡು ತಂತುಬಲ್ಬುಗಳು, ಹೋಲ್ಡರುಗಳು, ತಂತಿ ಮತ್ತು ಆರು ತುದಿಗಳುಳ್ಳ ದ್ವಿಧ್ರುವ ದ್ವಿಮುಖ ಸ್ವಿಚ್ಚು. ಅಂಗಡಿಯಲ್ಲಿ ಇದನ್ನು ಡಿಪಿಡಿಟಿ ಸ್ವಿಚ್ಚು ಎಂದು ಕೇಳಬೇಕು. ಎಲ್ಇಡಿ ದೀಪಗಳು ಈ ಪ್ರಯೋಗಕ್ಕೆ ಒದಗುವುದಿಲ್ಲ. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಯಾವ ಕಾರಣಕ್ಕೂ ಬಳಸಕೂಡದು. ಈ ಮಾತನ್ನು ವಿದ್ಯಾರ್ಥಿಗಳಿಂದ ಬರೆಯಿಸಿರಿ.

ಸ್ವಿಚ್ಚಿನ ಪರಿಚಯ

ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲುಗಳಲ್ಲಿ ಆರು ಚುಕ್ಕೆಗಳನ್ನಿಡಿರಿ. ಎಡಸಾಲಿಗೆ ಮೇಲಿನಿಂದ 1, 2, 3. ಬಲಸಾಲಿಗೆ 4, 5, 6 ಎಂದು ಸಂಖ್ಯೆ ಕೊಡಿರಿ. ನಡುವಿನ 2 ಮತ್ತು 5 ಸ್ವಿಚ್ಚಿನ ಎರಡು ಧ್ರುವಗಳು. ಮೊದಲ ಸ್ಥಿತಿಯಲ್ಲಿ 2 ಹೋಗಿ 1ನ್ನೂ 5 ಹೋಗಿ 4ನ್ನೂ ಕೂಡುತ್ತವೆ. ಎರಡನೆಯ ಸ್ಥಿತಿಯಲ್ಲಿ 2 ಮತ್ತು 3, 5 ಮತ್ತು 6 ಕೂಡುತ್ತವೆ. ಎರಡೂ ಧ್ರುವಗಳು ಒಟ್ಟಿಗೆ ಚಲಿಸುತ್ತವೆ, ಆದರೆ ಒಂದಕ್ಕೊಂದು ತಗಲುವುದಿಲ್ಲ. ಕೆಲವು ಸ್ವಿಚ್ಚುಗಳಲ್ಲಿ ಹಿಡಿ ಮೇಲಕ್ಕಿದ್ದಾಗ ಕೆಳಗಿನ ತುದಿಗಳು ಕೂಡುತ್ತವೆ. ಆದುದರಿಂದ ಒಂದು ಕೋಶ, ಒಂದು ಬಲ್ಬಿನ ನೆರವಿನಿಂದ ಮೊದಲೇ ಪರೀಕ್ಷಿಸಿಕೊಳ್ಳುವುದು ಉಚಿತ.

ಜೋಡಣೆಯ ಕ್ರಮ

1. ಬಲ್ಬು ‘ಅ’ದ ಒಂದು ತುದಿಯನ್ನು ಧನ ತಂತಿಗೂ ಇನ್ನೊಂದನ್ನು 2ಕ್ಕೂ ಸೇರಿಸಿರಿ.
2. ಬಲ್ಬು ‘ಆ’ದ ಒಂದು ತುದಿಯನ್ನು 5ಕ್ಕೂ ಇನ್ನೊಂದನ್ನು ಋಣ ತಂತಿಗೂ ಸೇರಿಸಿರಿ.
3. 1 ಮತ್ತು 4ನ್ನು ಚಿಕ್ಕ ತಂತಿಯಿಂದ ಕೂಡಿಸಿರಿ. ಇದು ನಮ್ಮ ಸೇತುವೆ.
4. 3ನ್ನು ಋಣ ತಂತಿಗೂ 6ನ್ನು ಧನ ತಂತಿಗೂ ಸೇರಿಸಿರಿ.
5. ಧನ ತಂತಿಯನ್ನು ಕೋಶಕ್ಕೆ ತಗಲಿಸುವುದು ಕೊನೆಯ ಕೆಲಸ. ಅದಕ್ಕೆ ಮುನ್ನ ಪ್ರತಿಯೊಂದು ತಂಡವೂ ವಿದ್ಯುತ್ತು ಹರಿಯುವ ದಾರಿಯನ್ನು ಬೆರಳಿನಿಂದ ಅನುಸರಿಸಿ ಹೇಳಬೇಕು.

ಮೊದಲ ಸ್ಥಿತಿಯ ದಾರಿ ಒಂದೇ: ಧನ, ಅ, 2, 1, 4, 5, ಆ, ಋಣ. ಇದು ಸರಣಿ. ಎರಡನೆಯ ಸ್ಥಿತಿಯಲ್ಲಿ ದಾರಿಗಳು ಎರಡು: ಧನ, ಅ, 2, 3, ಋಣ, ಮತ್ತು ಧನ, 6, 5, ಆ, ಋಣ. ಇದು ಸಮಾಂತರ. ನೆರೆಯ ಮರಾಠಿ ಮಾಧ್ಯಮದ ಮಕ್ಕಳು ಸರಣಿಯನ್ನು ‘ಏಕಸರ ಜೋಡಣಿ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಒಂದೇ ಎಳೆಯ ಸರದಂತೆ ಕೇಳಿಸುವುದರಿಂದ ನೆನಪಿಗೆ ಅನುಕೂಲ. ಸಮಾಂತರ ಎಂಬ ಪದ ಎರಡು ಭಾಷೆಗಳಿಗೂ ಸಮಾನ.

ವೀಕ್ಷಣೆ

ಸರಣಿಯಲ್ಲಿ ಬಲ್ಬುಗಳು ಮಂದವಾಗಿಯೂ ಸಮಾಂತರದಲ್ಲಿ ಪ್ರಕಾಶಮಾನವಾಗಿಯೂ ಉರಿಯುತ್ತವೆ. ಒಂದು ಬಲ್ಬನ್ನು ಸಡಿಲಿಸಿದರೆ ಸರಣಿಯಲ್ಲಿ ಇನ್ನೊಂದೂ ಆರುತ್ತದೆ, ಸಮಾಂತರದಲ್ಲಿ ಆರುವುದಿಲ್ಲ. ಬಲ್ಬುಗಳ ಬದಲು 10 ಓಮಿನ ಎರಡು ರೋಧಕಗಳಿದ್ದು ವಿಭವಾಂತರ 3 ವೋಲ್ಟ್ ಎಂದಿಟ್ಟುಕೊಂಡರೆ, ಸರಣಿಯಲ್ಲಿ ಒಟ್ಟು ರೋಧ 20 ಓಮ್, ಪ್ರವಾಹ 0.15 ಆಂಪಿಯರ್, ಸಮಾಂತರದಲ್ಲಿ ರೋಧ 5 ಓಮ್, ಪ್ರವಾಹ 0.6 ಆಂಪಿಯರ್. ಅಂದರೆ ನಾಲ್ಕು ಪಟ್ಟು. ಬಲ್ಬುಗಳಲ್ಲಿ ಅಳೆದಾಗ ನಾಲ್ಕು ಪಟ್ಟಿಗಿಂತ ಕಡಿಮೆ ಬಂದರೆ ವಿದ್ಯಾರ್ಥಿ ತಪ್ಪಿದನೆಂದು ತಿಳಿಯಬಾರದು. ತಂತು ಕಾದಂತೆ ಅದರ ರೋಧ ಹೆಚ್ಚುತ್ತದೆ. ಪ್ರವಾಹ ಹೆಚ್ಚಿದಂತೆ ಕೋಶದ ವಿಭವಾಂತರವೂ ತುಸು ಕುಗ್ಗುತ್ತದೆ.

ದೋಷಗಳ ಪರಿಶೀಲನೆ

ಸರಣಿಯಲ್ಲಿ ಸರಿಯಾಗಿ ಉರಿದು, ಸ್ವಿಚ್ಚು ಬದಲಿಸಿದೊಡನೆ ಎರಡೂ ಬಲ್ಬುಗಳು ಆರಿದರೆ 3 ಮತ್ತು 6ರ ತಂತಿಗಳು ಅದಲುಬದಲಾಗಿವೆ ಎಂದು ಶಂಕಿಸಬೇಕು. ಆಗ ಪ್ರತಿಯೊಂದು ಬಲ್ಬಿನ ಎರಡು ತುದಿಗಳೂ ಒಂದೇ ಧ್ರುವಕ್ಕೆ ಸೇರಿರುತ್ತವೆ. ಇದರಿಂದ ಹಾನಿಯಿಲ್ಲ. ಆದರೆ ಸೇತುವೆಯನ್ನು 1 ಮತ್ತು 4ರ ಬದಲು 3 ಮತ್ತು 6ರ ನಡುವೆ ಕಟ್ಟಿದರೆ ಕೋಶದ ಧನ, ಋಣ ಧ್ರುವಗಳು ನೇರವಾಗಿ ಕೂಡಿ ಹ್ರಸ್ವಮಂಡಲವಾಗುತ್ತದೆ. ಸ್ವಿಚ್ಚು ಯಾವ ಸ್ಥಿತಿಯಲ್ಲಿದ್ದರೂ ತಂತಿಯೂ ಕೋಶವೂ ಬಿಸಿಯಾಗುತ್ತವೆ. ಕೂಡಲೇ ಧನ ತಂತಿಯನ್ನು ಬಿಡಿಸಬೇಕು. ಬೆರಳಿನಿಂದ ದಾರಿ ಹಿಡಿಯುವ ಅಭ್ಯಾಸವನ್ನು ಕಡ್ಡಾಯಗೊಳಿಸಿದ್ದು ಇದಕ್ಕಾಗಿಯೇ.

ಜೀವನ ಸಂಬಂಧ

1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ಭಾರತದ ಮೊದಲ ವಿದ್ಯುತ್ ರೈಲು 1500 ವೋಲ್ಟಿನ ನೇರ ವಿದ್ಯುತ್ತಿನಿಂದ ಓಡಿತು. ನೇರ ವಿದ್ಯುತ್ ರೈಲುಗಳಲ್ಲಿ ಹೊರಡುವಾಗ ಮೋಟಾರುಗಳನ್ನು ಸರಣಿಯಲ್ಲಿಯೂ ವೇಗ ಪಡೆದ ಬಳಿಕ ಸಮಾಂತರದಲ್ಲಿಯೂ ಜೋಡಿಸುವ ಕ್ರಮ ಬಹುಕಾಲ ಬಳಕೆಯಲ್ಲಿತ್ತು. ನಮ್ಮ ಮೇಜಿನ ಮೇಲಿನ ತತ್ತ್ವವೇ ಅಲ್ಲಿಯೂ ಕೆಲಸ ಮಾಡುತ್ತಿತ್ತು.

ಮೌಲ್ಯಮಾಪನ

ಚಿತ್ರವನ್ನು ಅಳಿಸಿ, ಎರಡೂ ಸ್ಥಿತಿಗಳ ದಾರಿಯನ್ನು ಸಂಖ್ಯೆಗಳಿಂದ ಬರೆಯಲು ಹೇಳಿರಿ. ಬಳಿಕ, ಸ್ವಿಚ್ಚಿನ ಹಿಡಿ ಎರಡೂ ಕಡೆ ತಗಲದೆ ನಡುವೆ ನಿಂತರೆ ಬಲ್ಬುಗಳು ಏನಾಗುವುವೆಂದು ಕೇಳಿರಿ. ತಂತಿ ಮುಟ್ಟದೆಯೇ ಸರಿಯುತ್ತರ ಕೊಟ್ಟ ವಿದ್ಯಾರ್ಥಿಯು ಮಂಡಲವನ್ನು ಓದಲು ಕಲಿತನೆಂದು ತಿಳಿಯಬಹುದು.