ಕೆಟಗರಿ ಕೇಳಬೇಡಿ, ಝೋನ್ ಕೇಳಿ

ಪ್ರಶ್ನೆ: ಮಗಳು, ಅಳಿಯ, ಮೊಮ್ಮಗ ಫ್ಲಾರಿಡಾದ ಟ್ಯಾಂಪಾದಲ್ಲಿದ್ದಾರೆ. ಸೆಪ್ಟೆಂಬರ್ ಬಂತೆಂದರೆ ನನಗೆ ಊಟ ಸೇರುವುದಿಲ್ಲ. ಟಿವಿಯಲ್ಲಿ ‘ಕೆಟಗರಿ 4’ ಅಂದ ಕೂಡಲೇ ಫೋನ್ ಮಾಡುತ್ತೇನೆ. ‘ಏನೂ ಆಗಲ್ಲಮ್ಮ, ಸುಮ್ನಿರು’ ಅನ್ನುತ್ತಾಳೆ. ಬಾಣಂತನಕ್ಕೆ ಹೋಗಿದ್ದಾಗ, ಮನೆ ಕ್ಲೀನ್ ಮಾಡಲು ಬರುತ್ತಿದ್ದ ಗ್ವಾಟೆಮಾಲಾದ ಹೆಂಗಸನ್ನು ನೋಡಿದ್ದೆ. ಮಕ್ಕಳನ್ನು ಕಟ್ಟಿಕೊಂಡು ಟ್ರೇಲರ್ ಮನೆಯಲ್ಲಿದ್ದಾಳಂತೆ. ಅಂಥವರ ಗತಿ ಏನು? ಅಷ್ಟು ಮುಂದುವರಿದ ದೇಶದಲ್ಲಿ, ನಾಲ್ಕು ದಿನ ಮೊದಲೇ ಗೊತ್ತಾದರೂ ಜನ ಯಾಕೆ ಸಾಯುತ್ತಾರೆ? ಇಲ್ಲಿ ಕೂತು ನಾನು ಮಾಡುವಂಥದ್ದು ಏನಾದರೂ ಇದೆಯೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಮೊದಲು ಕೆಟಗರಿಯ ವಿಷಯ ಮುಗಿಸಿಬಿಡೋಣ. ಟಿವಿಯವರು ಕೂಗುವ 1ರಿಂದ 5ರವರೆಗಿನ ಅಂಕಿ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ. ಗಂಟೆಗೆ 119 ಕಿ.ಮೀ. ಮುಟ್ಟಿದರೆ ಕೆಟಗರಿ 1, 252 ಮುಟ್ಟಿದರೆ 5. ನೀರಿನ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಆದರೆ ಅಮೆರಿಕದಲ್ಲಿ ಹರಿಕೇನ್‌ಗಳು ನೇರವಾಗಿ ಬಲಿ ತೆಗೆದುಕೊಂಡವರಲ್ಲಿ ಬಹುಪಾಲು ಜನ ಸತ್ತದ್ದು ನೀರಿನಿಂದ. ಒಂದೋ ಕಡಲು ಉಬ್ಬಿ ಊರೊಳಗೆ ನುಗ್ಗುತ್ತದೆ (ಅಲ್ಲಿನವರು ಇದನ್ನು ಸರ್ಜ್ ಅನ್ನುತ್ತಾರೆ), ಇಲ್ಲವೇ ಸುರಿದ ಮಳೆ ಹಳ್ಳಕೊಳ್ಳಗಳಲ್ಲಿ ಹರಿದು ಬರುತ್ತದೆ. ಹಾಗಾಗಿ ಕೆಟಗರಿ ಕೇಳಿ ಎದೆ ಹಿಡಿದುಕೊಳ್ಳುವುದೂ ತಪ್ಪು, ಕೆಟಗರಿ ಇಳಿಯಿತೆಂದು ನಿಟ್ಟುಸಿರು ಬಿಡುವುದೂ ತಪ್ಪು. ನಮ್ಮ ವಾಹಿನಿಗಳಲ್ಲಂತೂ ಯಾವ ಚಂಡಮಾರುತವೂ ‘ಭೀಕರ’ಕ್ಕಿಂತ ಕೆಳಗಿಳಿಯುವುದಿಲ್ಲ, ಅದನ್ನು ಬಿಡಿ.

ನಿಮ್ಮ ಮಗಳ ಊರಿನಲ್ಲೇ 2024ರಲ್ಲಿ ಏನಾಯಿತು ನೋಡಿ. ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಎಂಬ ಚಂಡಮಾರುತ ದಡ ಹತ್ತಿದ್ದು ಪೆರ್ರಿ ಎಂಬ ಊರಿನ ಬಳಿ, ಟ್ಯಾಂಪಾದಿಂದ ಇನ್ನೂರಕ್ಕೂ ಹೆಚ್ಚು ಕಿ.ಮೀ. ವಾಯವ್ಯಕ್ಕೆ. ಅದರ ಕಣ್ಣು, ಅಂದರೆ ನಡುಭಾಗ, ಟ್ಯಾಂಪಾದ ಹತ್ತಿರ ಸುಳಿಯಲೂ ಇಲ್ಲ. ಆದರೂ ಕೊಲ್ಲಿಯ ನೀರು ಆರೇಳು ಅಡಿ ಏರಿ ಮನೆಗಳಿಗೆ ನುಗ್ಗಿತು. ಕೊಲ್ಲಿಯ ಆಚೆ ಬದಿಯ ಪಿನೆಲಸ್ ಕೌಂಟಿಯೊಂದರಲ್ಲೇ ಹತ್ತಕ್ಕೂ ಹೆಚ್ಚು ಜನ ಸತ್ತರು. ಎರಡು ವಾರ ತುಂಬುವ ಮೊದಲೇ ಮಿಲ್ಟನ್ ಬಂತು. ಅಕ್ಟೋಬರ್ 7ರಂದು ಕಡಲ ಮೇಲೆ ಅದರ ಗಾಳಿ ಗಂಟೆಗೆ ಸುಮಾರು 290 ಕಿ.ಮೀ. ಟ್ಯಾಂಪಾ ಕೊಲ್ಲಿಯಲ್ಲಿ ಹತ್ತರಿಂದ ಹದಿನೈದು ಅಡಿ ಸರ್ಜ್ ಬರಬಹುದೆಂಬ ಎಚ್ಚರಿಕೆ ಹೊರಟಿತು. ಊರಿಗೆ ಊರೇ ಹೊರಟಿತು. ಆದರೆ 9ರ ರಾತ್ರಿ ಮಿಲ್ಟನ್ ದಡ ಹತ್ತಿದ್ದು ತುಸು ದಕ್ಷಿಣಕ್ಕೆ, ಸರಸೋಟಾ ಬಳಿಯ ಸಿಯೆಸ್ಟಾ ಕೀಯಲ್ಲಿ. ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತದ ಗಾಳಿ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಕಣ್ಣು ದಕ್ಷಿಣದಲ್ಲಿ ಹಾದುಹೋದ ಕಾರಣ ಟ್ಯಾಂಪಾದಲ್ಲಿ ಗಾಳಿ ನೆಲದ ಕಡೆಯಿಂದ ಕಡಲಿನತ್ತ ಬೀಸಿ, ಕೊಲ್ಲಿಯ ನೀರನ್ನೇ ಹೊರಕ್ಕೆ ತಳ್ಳಿತು. ಭಯಪಟ್ಟ ಸರ್ಜ್ ಅಲ್ಲಿ ಬರಲೇ ಇಲ್ಲ. ಬಂದದ್ದು ಮಳೆ: ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಹೆಚ್ಚು.

ದೂರದಲ್ಲಿ ಹೋದದ್ದು ಮುಳುಗಿಸಿತು, ನೇರ ಬಂದಂತಿದ್ದದ್ದು ಬಿಟ್ಟುಹೋಯಿತು. ಈ ಎರಡನೆಯ ಅನುಭವವೇ ಮುಂದಿನ ಸಲಕ್ಕೆ ಅಪಾಯ. ‘ಏನೂ ಆಗಲ್ಲ’ ಎನ್ನುವ ಮಗಳ ಮಾತಿನ ಹಿಂದೆ ಅದೇ ಇರಬಹುದು. ಅವಳ ಜತೆ ವಾದಕ್ಕೆ ಇಳಿಯಬೇಡಿ. ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಮನೆ ಯಾವ ಝೋನ್?’

ಫ್ಲಾರಿಡಾದ ಕರಾವಳಿ ಕೌಂಟಿಗಳು ಸರ್ಜ್ ಎಲ್ಲಿಯವರೆಗೆ ಬರಬಹುದೆಂದು ಲೆಕ್ಕಹಾಕಿ ಊರನ್ನು ಎ, ಬಿ, ಸಿ ಎಂದು ಝೋನ್‌ಗಳಾಗಿ ವಿಂಗಡಿಸಿವೆ. ಟ್ಯಾಂಪಾ ಇರುವ ಹಿಲ್ಸ್‌ಬರೋ ಕೌಂಟಿಯಲ್ಲಿ ಎ ಇಂದ ಇ ವರೆಗೆ ಇವೆ. ಎ ಎಂದರೆ ಮೊದಲು ಖಾಲಿ ಮಾಡಬೇಕಾದ ಜಾಗ. ಮನೆ ವಿಳಾಸ ಹಾಕಿದರೆ ಕೌಂಟಿಯ ವೆಬ್‌ಸೈಟೇ ಝೋನ್ ತೋರಿಸುತ್ತದೆ. ಮೈಸೂರಿನಲ್ಲಿ ಕೂತು ನೀವೇ ನೋಡಬಹುದು. ಮನೆ ಸಾಲಕ್ಕಾಗಿ ವಿಮೆಯವರು ಹೇಳುವ ಫ್ಲಡ್ ಝೋನ್ ಬೇರೆ, ಇದು ಬೇರೆ. ಬಹಳ ಜನ ಈ ಎರಡನ್ನು ಕಲಸಿಕೊಳ್ಳುತ್ತಾರೆ. ನಿಮ್ಮ ಮಗಳೂ ಕಲಸಿಕೊಂಡಿರಬಹುದು.

ಟಿವಿಯಲ್ಲಿ ತೋರಿಸುವ, ಮುಂದೆ ಹೋದಂತೆ ಅಗಲವಾಗುವ ಆ ಬಿಳಿ ಪಟ್ಟೆಯನ್ನೂ ಸ್ವಲ್ಪ ತಿಳಿದುಕೊಳ್ಳಿ. ಅದಕ್ಕೆ ಕೋನ್ ಎನ್ನುತ್ತಾರೆ. ಚಂಡಮಾರುತದ ಕಣ್ಣು ಎಲ್ಲಿ ಹಾದುಹೋಗಬಹುದು ಎಂಬುದರ ಅಂದಾಜು ಅದು, ಅಷ್ಟೆ. ಮೂರು ಸಲಕ್ಕೆ ಸುಮಾರು ಒಂದು ಸಲ ಕಣ್ಣು ಆ ಪಟ್ಟೆಯ ಆಚೆಗೂ ಹೋಗುತ್ತದೆ. ಗಾಳಿ, ಮಳೆ, ಸರ್ಜ್ ಎಷ್ಟು ಅಗಲಕ್ಕೆ ಹರಡುತ್ತವೆ ಎಂಬುದನ್ನು ಅದು ಹೇಳುವುದೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಬರುವಾಗ ಎಲ್ಲರ ಕಣ್ಣು ಟ್ಯಾಂಪಾದ ಮೇಲಿತ್ತು. ಫೋರ್ಟ್ ಮೈಯರ್ಸ್ ಇರುವ ಲೀ ಕೌಂಟಿ ಕೋನ್‌ನ ಅಂಚಿನಲ್ಲಿತ್ತು. ಅಲ್ಲಿ ಜಾಗ ಖಾಲಿ ಮಾಡುವ ಆದೇಶ ಹೊರಟದ್ದು ಹಿಂದಿನ ದಿನ, 27ರ ಬೆಳಗ್ಗೆ. 28ರಂದು ಹತ್ತು ಅಡಿಗೂ ಮೀರಿದ ನೀರು ಫೋರ್ಟ್ ಮೈಯರ್ಸ್ ಬೀಚನ್ನು ಗುಡಿಸಿಹಾಕಿತು. ಸತ್ತವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು.

ಹಾಗೆಂದು ‘ಎಲ್ಲಾ ಬಿಟ್ಟು ಓಡಿಬನ್ನಿ’ ಎಂದು ಒತ್ತಾಯಿಸಲೂ ಹೋಗಬೇಡಿ. 2005ರಲ್ಲಿ ಕತ್ರೀನಾ ಕಂಡು ಬೆದರಿದ್ದ ಹ್ಯೂಸ್ಟನ್‌ನ ಜನ, ಮೂರು ವಾರದ ನಂತರ ರೀಟಾ ಎಂದಾಗ ಒಟ್ಟಿಗೇ ರಸ್ತೆಗಿಳಿದರು. ಹೆದ್ದಾರಿಗಳು ಗಂಟೆಗಟ್ಟಲೆ ಕಟ್ಟಿಕೊಂಡವು. ಬಿಸಿಲಿಗೆ, ಅಪಘಾತಕ್ಕೆ ಆ ಓಟದಲ್ಲೇ ನೂರರಷ್ಟು ಜನ ಸತ್ತರು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿ 23 ಮಂದಿ ತೀರಿಕೊಂಡರು. ಈಗ ಫ್ಲಾರಿಡಾದವರು ಹೇಳುವುದು ಇಷ್ಟು: ನೀರು ಬರುವ ಝೋನ್‌ನಿಂದ ಹೊರಗೆ ಹೋಗಿ, ಹತ್ತಿಪ್ಪತ್ತು ಮೈಲಿ ಸಾಕು, ಸ್ನೇಹಿತರ ಗಟ್ಟಿ ಮನೆಯಾದರೂ ಆದೀತು. ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಝೋನ್‌ನ ಹೊರಗಿರುವ ಮನೆ ಒಂದಾದರೂ ಸಿಕ್ಕೇ ಸಿಗುತ್ತದೆ. ಯಾರ ಮನೆಗೆ ಹೋಗುತ್ತಾರೆ ಎಂಬುದನ್ನು ಮಗಳು ಈಗಲೇ ಮಾತಾಡಿಟ್ಟುಕೊಂಡಿರಲಿ. ಆ ಮನೆಯವರ ನಂಬರ್ ನಿಮ್ಮಲ್ಲೂ ಇರಲಿ.

ಇನ್ನು ನಿಮ್ಮ ದಿನಚರಿ. ಮಯಾಮಿಯಲ್ಲಿರುವ ನ್ಯಾಷನಲ್ ಹರಿಕೇನ್ ಸೆಂಟರ್ ಆರು ಗಂಟೆಗೊಮ್ಮೆ ಪೂರ್ಣ ಬುಲೆಟಿನ್ ಕೊಡುತ್ತದೆ. ನಮ್ಮ ಗಡಿಯಾರದಲ್ಲಿ ಅದು ಬೆಳಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30 ಮತ್ತು ನಡುರಾತ್ರಿ ಕಳೆದು 2.30. ತಿಂಡಿ ಮುಗಿಸಿ ಒಂದು ನೋಡಿ, ಊಟವಾದ ಮೇಲೆ ಒಂದು, ರಾತ್ರಿ ಒಂದು. ನಾಲ್ಕನೆಯದಕ್ಕೆ ಅಲಾರ್ಮ್ ಇಟ್ಟು ಏಳುವ ಅಗತ್ಯವಿಲ್ಲ. ನಡುವಿನ ಹೊತ್ತಿನಲ್ಲಿ ವಾಹಿನಿಗಳು ತೋರಿಸುವುದು ಹೆಚ್ಚಾಗಿ ಹಳೆಯ ಬುಲೆಟಿನ್‌ಗೆ ಹೊಸ ಗ್ರಾಫಿಕ್ಸ್. ಬುಲೆಟಿನ್‌ನಲ್ಲಿ ‘ವಾಚ್’ ಎಂದಿದ್ದರೆ ಜೋರು ಗಾಳಿ ಶುರುವಾಗಲು ಸುಮಾರು 48 ಗಂಟೆ, ‘ವಾರ್ನಿಂಗ್’ ಎಂದಿದ್ದರೆ ಸುಮಾರು 36 ಗಂಟೆ ಇದೆ ಎಂದು ತಿಳಿಯಿರಿ. ಮಗಳು ಹೊರಡುವುದಿದ್ದರೆ ಈ ಅವಧಿಯೊಳಗೇ ಹೊರಡಬೇಕು. ನಿಮ್ಮ ಕರೆ ಬೆಲೆಬಾಳುವುದೂ ಆಗಲೇ.

ಗಾಳಿ ಶುರುವಾದ ಮೇಲೆ ಕರೆ ಮಾಡಬೇಡಿ. ಹೇಳುವುದು ಸುಲಭ, ಗೊತ್ತು. ಕರೆಂಟ್ ಹೋದ ಮನೆಯಲ್ಲಿ ಫೋನಿನ ಚಾರ್ಜ್ ಎಂದರೆ ಪ್ರಾಣ. ಮೈಸೂರಿನಿಂದ ನೀವು, ಬೆಂಗಳೂರಿನಿಂದ ಅತ್ತೆ, ಶಿವಮೊಗ್ಗದಿಂದ ಚಿಕ್ಕಮ್ಮ ಎಲ್ಲರೂ ವಿಡಿಯೊ ಕಾಲ್ ಮಾಡಿದರೆ ಅದು ಬೆಳಗಾಗುವುದರೊಳಗೆ ಸತ್ತಿರುತ್ತದೆ. ಮಗಳು ಒಬ್ಬರಿಗೆ ಒಂದೇ ಸಾಲಿನ ಎಸ್ಸೆಮ್ಮೆಸ್ ಕಳಿಸಲಿ, ಆ ಒಬ್ಬರು ಮಿಕ್ಕವರಿಗೆ ಹೇಳಲಿ. ನೆಟ್‌ವರ್ಕ್ ಕುಂಟುವಾಗ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗುವುದುಂಟು. ಅದೂ ಬರದಿದ್ದರೆ ಕೂಡಲೇ ಕೆಟ್ಟದ್ದನ್ನೇ ಎಣಿಸಬೇಡಿ. ಹೆಲೀನ್ ಮಳೆ ನಾರ್ತ್ ಕ್ಯಾರೊಲೈನಾದ ಆ್ಯಶ್‌ವಿಲ್‌ಗೆ ಬಡಿದಾಗ ಟವರ್‌ಗಳು ಬಿದ್ದು, ಬದುಕಿದ್ದ ಸಾವಿರಾರು ಜನರ ಸುದ್ದಿ ದಿನಗಟ್ಟಲೆ ಮನೆಯವರಿಗೆ ಸಿಗಲಿಲ್ಲ. ಅದು ಕಡಲಿನಿಂದ ನೂರಾರು ಕಿ.ಮೀ. ಒಳಗೆ, ಸುಮಾರು 650 ಮೀಟರ್ ಎತ್ತರದಲ್ಲಿರುವ ಊರು. ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ ಮಳೆ ಸುರಿಸಿತು, ನಮ್ಮ ಆಗುಂಬೆಯಲ್ಲಿ ಆಗುವುದೂ ಅದೇ. ಅಲ್ಲಿ ನಲ್ಲಿಯಲ್ಲಿ ಕುಡಿಯುವ ನೀರು ಬರಲು 53 ದಿನ ಹಿಡಿಯಿತು. ಫ್ಲಾರಿಡಾ ಅಟ್ಲಾಂಟಾದ ಭಾರತೀಯ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ಅದರ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು: ಅಳಿಯ ಜನರೇಟರ್ ತಂದಿದ್ದರೆ ಅದನ್ನು ಗ್ಯಾರೇಜಿನಲ್ಲಿ ಹಾಕದೆ ಮನೆಯಿಂದ ದೂರ, ಬಯಲಿನಲ್ಲಿ ಇಡಬೇಕು. 2020ರಲ್ಲಿ ಲಾರಾ ಬಂದುಹೋದ ಮೇಲೆ ಲೂಸಿಯಾನದಲ್ಲಿ ಸರ್ಜ್‌ಗಿಂತ ಹೆಚ್ಚು ಜನರನ್ನು ಕೊಂದದ್ದು ಜನರೇಟರ್ ಹೊಗೆ.

ಈಗ ನಿಮ್ಮ ಇನ್ನೊಂದು ಪ್ರಶ್ನೆ: ಮೊದಲೇ ಗೊತ್ತಾದರೂ ಜನ ಯಾಕೆ ಸಾಯುತ್ತಾರೆ? ನನ್ನನ್ನು ಕೇಳಿದರೆ ಮುಖ್ಯವಾದದ್ದೇ ಇದು. ಮುನ್ಸೂಚನೆ ಕೊಡುವುದರಲ್ಲಿ ಆ ದೇಶ ನಿಜಕ್ಕೂ ಮುಂದಿದೆ. ಆದರೆ ನಾಲ್ಕು ದಿನ ಮೊದಲು ಸುದ್ದಿ ಸಿಕ್ಕಿ ಪ್ರಯೋಜನವಾಗುವುದು ಕಾರು, ಪೆಟ್ರೋಲಿಗೆ ಹಣ, ಹೋಗಲು ಮನೆ, ರಜೆ ಕೊಡುವ ಮಾಲೀಕ ಇದ್ದವರಿಗೆ. 2005ರ ಆಗಸ್ಟ್ 29ರಂದು ಕತ್ರೀನಾ ನ್ಯೂ ಆರ್ಲಿಯನ್ಸ್‌ಗೆ ಬಂದಾಗ ಅಲ್ಲಿ ಕಾರಿಲ್ಲದವರೇ ಒಂದು ಲಕ್ಷದಷ್ಟಿದ್ದರು. ದಿನಾಂಕ ಗಮನಿಸಿ: ತಿಂಗಳ ಕೊನೆ. ಪಿಂಚಣಿ, ಭತ್ಯೆ ಒಂದನೇ ತಾರೀಖಿಗೆ ಬರಬೇಕು. 28ರಂದು ಊರು ಬಿಡಿ ಎಂದರೆ ಜೇಬಿನಲ್ಲಿ ಬಸ್ಸಿಗೂ ಹಣವಿಲ್ಲ. ಒಡ್ಡುಗಳು ಒಡೆದು ಊರಿನ ನೂರಕ್ಕೆ ಎಂಬತ್ತರಷ್ಟು ಭಾಗ ಮುಳುಗಿತು. ಲೂಸಿಯಾನದಲ್ಲಿ ಸತ್ತವರಲ್ಲಿ ಅರ್ಧದಷ್ಟು ಜನ 75 ದಾಟಿದವರು.

ಚಂಡಮಾರುತ ದಾಟಿದ ಮೇಲೂ, ಬರುವ ಮೊದಲೂ ಸರದಿ ಇಂಥ ಹಿರಿಯರದ್ದೇ. 2017ರಲ್ಲಿ ಇರ್ಮಾ ಹೋದ ನಂತರ ಫ್ಲಾರಿಡಾದ ಹಾಲಿವುಡ್ ಎಂಬ ಊರಿನ ಒಂದು ವೃದ್ಧಾಲಯದಲ್ಲಿ ಎಸಿ ನಿಂತು, ಬೇಗೆಗೆ ಹನ್ನೆರಡು ಮಂದಿ ಹಿರಿಯರು ಸತ್ತರು. ರಸ್ತೆಯ ಆಚೆ ಬದಿಗೇ ಆಸ್ಪತ್ರೆ ಇತ್ತು. ಅದಾದ ಮೇಲಷ್ಟೇ ವೃದ್ಧಾಲಯಗಳಲ್ಲಿ ಜನರೇಟರ್ ಕಡ್ಡಾಯವಾಯಿತು. ಮಿಲ್ಟನ್ ದಿನ, ಅದು ದಡ ಹತ್ತುವ ಮೊದಲೇ, ರಾಜ್ಯದ ಇನ್ನೊಂದು ತುದಿಯಲ್ಲಿ ಸುಂಟರಗಾಳಿ ಎದ್ದು ಸೇಂಟ್ ಲೂಸಿ ಕೌಂಟಿಯಲ್ಲಿ ಆರು ಮಂದಿಯನ್ನು ಕೊಂದಿತು. ಅದು ನುಗ್ಗಿದ್ದು ನಿವೃತ್ತರು ಇರುತ್ತಿದ್ದ ಮೊಬೈಲ್ ಹೋಮ್‌ಗಳ ಬಡಾವಣೆಗೆ.

ಸತ್ತ ಮೇಲೂ ಭೇದ ತಪ್ಪಲಿಲ್ಲ. 1928ರ ಸೆಪ್ಟೆಂಬರ್‌ನಲ್ಲಿ ಚಂಡಮಾರುತಕ್ಕೆ ಫ್ಲಾರಿಡಾದ ಒಕಿಚೋಬಿ ಕೆರೆಯ ಏರಿ ಒಡೆದು ಕನಿಷ್ಠ 2,500 ಜನ ಸತ್ತರು. ಮುಕ್ಕಾಲು ಪಾಲು ಹೊಲದ ಕೂಲಿಗೆ ಬಂದಿದ್ದ ಕಪ್ಪು ಜನ. ವೆಸ್ಟ್ ಪಾಮ್ ಬೀಚ್‌ನಲ್ಲಿ 69 ಬಿಳಿಯರನ್ನು ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು; 674 ಕಪ್ಪು ಜನರನ್ನು ಒಂದೇ ಗುಂಡಿಗೆ ಹಾಕಿ, ಮೇಲೆ ಒಂದು ಕಲ್ಲನ್ನೂ ನಿಲ್ಲಿಸದೆ ದಶಕಗಳ ಕಾಲ ಮರೆತರು. 1,836 ಎಂದಿದ್ದ ಸಾವಿನ ಅಧಿಕೃತ ಲೆಕ್ಕವನ್ನು ಸರಿಪಡಿಸಿದ್ದು 2003ರಲ್ಲಿ.

ನೀವು ಕೇಳಿದ ಆ ಹೆಂಗಸು ಈ ಸಾಲಿನಲ್ಲೇ ಇರುವವಳು. ಅವಳ ಟ್ರೇಲರ್ ಯಾವ ಝೋನ್‌ನಲ್ಲಿದ್ದರೂ ಅಲ್ಲಿ ಉಳಿಯುವಂತಿಲ್ಲ: ಹರಿಕೇನ್ ಎಂದರೆ ಮೊಬೈಲ್ ಹೋಮ್‌ಗಳನ್ನು ಝೋನ್ ನೋಡದೆ ಖಾಲಿ ಮಾಡಿಸುತ್ತಾರೆ. ಶಾಲೆಗಳಲ್ಲಿ ತೆರೆಯುವ ಶೆಲ್ಟರ್ ಉಚಿತ. ಆದರೆ ಕಾಗದಪತ್ರ ಸರಿಯಿಲ್ಲದವರು ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ಇರ್ಮಾ ಬರುವಾಗ ಟ್ಯಾಂಪಾದ ಪಕ್ಕದ ಪೋಕ್ ಕೌಂಟಿಯ ಶೆರಿಫ್, ಶೆಲ್ಟರ್ ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತೇವೆ, ವಾರಂಟ್ ಇದ್ದವರನ್ನು ಜೈಲಿಗೆ ಕರೆದೊಯ್ಯುತ್ತೇವೆ ಎಂದು ಟ್ವೀಟ್ ಮಾಡಿದ್ದರು. ವಾರಂಟ್ ಇಲ್ಲದವರೂ ಅದನ್ನು ಓದಿ ಹೆದರಿದ್ದರೆ ಆಶ್ಚರ್ಯವಿಲ್ಲ. ಭಾಷೆಯ ತೊಡಕು ಬೇರೆ: ಗ್ವಾಟೆಮಾಲಾದಿಂದ ಬಂದ ಎಷ್ಟೋ ಜನರ ಮನೆಮಾತು ಮಾಯಾ ಭಾಷೆಗಳು, ಸ್ಪ್ಯಾನಿಷ್‌ನಲ್ಲಿ ಬಂದ ಎಚ್ಚರಿಕೆಯೂ ಅವರಿಗೆ ಎರಡನೇ ಭಾಷೆಯದ್ದು.

ಕಾರಿಲ್ಲದೆ ಸಿಕ್ಕಿಹಾಕಿಕೊಳ್ಳುವವರಲ್ಲಿ ನಮ್ಮವರೂ ಇದ್ದಾರೆ. 2017ರಲ್ಲಿ ಹಾರ್ವೆ ಮಳೆಗೆ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಸುಮಾರು ಇನ್ನೂರು ಭಾರತೀಯ ವಿದ್ಯಾರ್ಥಿಗಳು ಕುತ್ತಿಗೆಮಟ್ಟದ ನೀರಿನ ನಡುವೆ ಸಿಲುಕಿದ್ದಾರೆಂದು ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಟ್ವೀಟ್ ಮಾಡಬೇಕಾಗಿ ಬಂತು. ಟ್ಯಾಂಪಾದಲ್ಲೂ ದೊಡ್ಡ ವಿಶ್ವವಿದ್ಯಾಲಯವಿದೆ.

ಆದ್ದರಿಂದ ಮುಂದಿನ ಸಲ ವಾಚ್ ಎಂದು ಬುಲೆಟಿನ್ ಬಂದ ಕೂಡಲೇ ಮಗಳಿಗೆ ಫೋನ್ ಮಾಡಿ. ಝೋನ್ ಕೇಳಿ, ಯಾರ ಮನೆಗೆ ಹೋಗುತ್ತೀರಿ ಎಂದು ಕೇಳಿ. ಆಮೇಲೆ ಕಾರಿನಲ್ಲಿ ಎಷ್ಟು ಸೀಟು ಖಾಲಿ ಇವೆ ಎಂದೂ ಕೇಳಿ. ಆ ಹೆಂಗಸಿಗೆ ‘ನಿನಗೆ ಹೋಗಲು ಜಾಗ ಇದೆಯಾ’ ಎಂದು ಮಗಳು ಒಂದು ಫೋನ್ ಮಾಡಲಿ. ಇಲ್ಲವೆಂದರೆ ಮಕ್ಕಳ ಸಮೇತ ಶೆಲ್ಟರ್‌ವರೆಗೆ ಬಿಟ್ಟುಬರಲಿ, ಒಳಗೆ ಹೋಗಿ ಹೆಸರು ಬರೆಸುವವರೆಗೂ ಜತೆಗಿರಲಿ. ನೀವು ಹೇಳಿದರೆ ಅವಳು ಇಲ್ಲ ಎನ್ನುವುದಿಲ್ಲ.