ಆದೇಶ ವಿಧಾನದಿಂದ ಪ್ರಾಕ್ಸಿ ಸರ್ವರ್‌ಗೆ: ಚರಾಕ್ಷರ ಕಲಿಸುವ ಒಂದು ಪಾಠ

ಹತ್ತನೇ ತರಗತಿಯಲ್ಲಿ ಆದೇಶ ವಿಧಾನದಿಂದ ಸಮೀಕರಣ ಬಿಡಿಸಿದ ಮಕ್ಕಳಿಗೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು ಹೊಸದಲ್ಲ. ಮಳೆಗಾಲ, ಬೆಟ್ಟದಾವರೆ ಎಂಬ ಆದೇಶ ಸಂಧಿಯ ಉದಾಹರಣೆಗಳೂ ಅವರಿಗೆ ಬಾಯಿಪಾಠ. ಪಿಯುಸಿ ಗಣಕ ವಿಜ್ಞಾನದ ಪೂರಕ ಪಾಠವಾಗಿ ಎಂಜಿನ್‌ಎಕ್ಸ್ ತೆಗೆದುಕೊಂಡಾಗ ಈ ಪೂರ್ವಜ್ಞಾನದಿಂದಲೇ ಆರಂಭಿಸಿದೆ. ಆದರೆ ಇಲ್ಲಿ ಬೆಲೆಯನ್ನು ಯಾವಾಗ ಆದೇಶಿಸುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಬೀಜಗಣಿತದಲ್ಲಿ ಅದು ಏಳುವುದೇ ಇಲ್ಲ.

ಎಂಜಿನ್‌ಎಕ್ಸ್ 2004ರಲ್ಲಿ ಇಗೊರ್ ಸಿಸೋಯೆವ್ ಹೊರತಂದ ವೆಬ್ ಸರ್ವರ್. ಬಂದ ಕೋರಿಕೆಯನ್ನು ಹಿಂದಿನ ಸರ್ವರ್‌ಗೆ ದಾಟಿಸುವ ಅದರ ಆಜ್ಞೆ ‘ಪ್ರಾಕ್ಸಿ ಪಾಸ್’. ಹಿಂದಿನ ಸರ್ವರ್‌ನ ಹೆಸರನ್ನು ನೇರವಾಗಿ ಬರೆದರೆ ಅದರ ಐಪಿ ವಿಳಾಸವನ್ನು ಎಂಜಿನ್‌ಎಕ್ಸ್ ಆರಂಭದಲ್ಲೇ ಹುಡುಕಿ ಇಟ್ಟುಕೊಳ್ಳುತ್ತದೆ. ಆಮೇಲೆ ವಿಳಾಸ ಬದಲಾದರೂ ಹಳೆಯದಕ್ಕೇ ಕಳಿಸುತ್ತದೆ. ಹೆಸರನ್ನು $ಗುರಿ ಎಂಬ ಚರಾಕ್ಷರದಲ್ಲಿಟ್ಟರೆ ಹುಡುಕಾಟ ಕೋರಿಕೆ ಬಂದಾಗ ನಡೆಯುತ್ತದೆ. ಅದಕ್ಕೆ ‘ರಿಸಾಲ್ವರ್’ ಆಜ್ಞೆಯಲ್ಲಿ ಡಿಎನ್‌ಎಸ್ ಸರ್ವರ್ ತಿಳಿಸಿರಬೇಕು.

ಹೆಚ್ಚು ಸಮಯ ಕೊಡಬೇಕಾದದ್ದು ದಾರಿಯ ಭಾಗಕ್ಕೆ. ಕಪ್ಪುಹಲಗೆಯ ಮೇಲೆ ‘/ಅಂಕ/’ ಎಂಬ ಲೊಕೇಶನ್ ಬರೆದು, ವಿದ್ಯಾರ್ಥಿಯೊಬ್ಬ ‘/ಅಂಕ/25’ ಕೇಳಿದ ಎಂದುಕೊಂಡೆವು. (ನಿಜವಾದ ಕಡತದಲ್ಲಿ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ, ಹಲಗೆಗೆ ಕನ್ನಡವೇ ಚೆನ್ನ.) ಪ್ರಾಕ್ಸಿ ಪಾಸ್‌ನಲ್ಲಿ ಸರ್ವರ್ ಹೆಸರು ನೇರವಾಗಿದ್ದು ಕೊನೆಗೆ ಓರೆಗೆರೆ ಇದ್ದರೆ ‘/ಅಂಕ/’ ಭಾಗಕ್ಕೆ ‘/’ ಆದೇಶವಾಗಿ ಹಿಂದಿನ ಸರ್ವರ್‌ಗೆ ‘/25’ ತಲುಪುತ್ತದೆ. ಹೆಸರಿನ ಜಾಗದಲ್ಲಿ $ಗುರಿ ಹಾಕಿ ಅದೇ ಓರೆಗೆರೆ ಬಿಟ್ಟರೆ? ತರಗತಿಯ ಬಹುಪಾಲು ಮಕ್ಕಳು ‘/25’ ಎಂದೇ ಹೇಳಿದರು. ತಲುಪುವುದು ಬರೀ ‘/’! ಚರಾಕ್ಷರವಿದ್ದಾಗ ಅಲ್ಲಿ ಬರೆದ ದಾರಿ ಇದ್ದ ಹಾಗೇ ಹೋಗುತ್ತದೆ. ಕೇಳಿದ ದಾರಿ ಇಡಿಯಾಗಿ ಅಳಿಯುತ್ತದೆ. ಫಲಿತಾಂಶದ ದಿನ ಯಾರು ಯಾವ ನೋಂದಣಿ ಸಂಖ್ಯೆ ಹಾಕಿದರೂ ಎಲ್ಲರಿಗೂ ಒಂದೇ ಮುಖಪುಟ. ದೋಷದ ಸಂದೇಶವೂ ಬಾರದಿರಬಹುದು, ಹಾಗಾಗಿ ತಪ್ಪು ಹುಡುಕುವುದು ಕಷ್ಟ.

ಓರೆಗೆರೆ ತೆಗೆದರೆ ‘/ಅಂಕ/25’ ಪೂರ್ತಿಯಾಗಿ ಹೋಗುತ್ತದೆ. ‘/25’ ಮಾತ್ರ ಬೇಕಾದರೆ ಮೊದಲು ‘ರೀರೈಟ್’ ಆಜ್ಞೆಯಿಂದ ‘/ಅಂಕ’ ಕತ್ತರಿಸಿ, ಕೊನೆಗೆ ‘ಬ್ರೇಕ್’ ಸೇರಿಸಿ, ನಂತರ ಓರೆಗೆರೆಯಿಲ್ಲದ ಪ್ರಾಕ್ಸಿ ಪಾಸ್ ಬರೆಯಬೇಕು. ಇದನ್ನು ನಾನು ಹೇಳಿಕೊಡಲಿಲ್ಲ. ಮೂರೂ ಬಗೆಗಳ ಕೋಷ್ಟಕವನ್ನು ಮಕ್ಕಳೇ ತುಂಬಿದರು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ಸರ್ವರ್ ಹೆಸರು ತಪ್ಪಿದ್ದರೆ ಯಾವ ಬಗೆಯಲ್ಲಿ ಬೇಗ ತಿಳಿಯುತ್ತದೆ? ನೇರ ಹೆಸರಿದ್ದರೆ ಎಂಜಿನ್‌ಎಕ್ಸ್ ಆರಂಭವೇ ಆಗುವುದಿಲ್ಲ; ಚರಾಕ್ಷರವಿದ್ದರೆ ಆರಂಭವಾಗಿ, ಕೋರಿಕೆ ಬಂದ ಮೇಲೆ 502 ದೋಷ ತೋರಿಸುತ್ತದೆ.